ಮೂರು ಪ್ಲಗ್ಗು, ಒಂದು ಜವಳ

ಶುಕ್ರವಾರ ಬೆಳಿಗ್ಗೆ ಏಳೂಕಾಲಿಗೆ ಚಿತ್ರದುರ್ಗದಿಂದ ಹೊರಟೆವು. ಆರೂವರೆಗೇ ಹೊರಡಬೇಕೆಂದು ನಾನು ಮೂರು ದಿನದಿಂದ ಮನೆಯಲ್ಲಿ ಡಂಗುರ ಸಾರುತ್ತಿದ್ದೆ. ಹೆಂಡತಿ ಸುಜಾತ ಆರಕ್ಕೆಲ್ಲ ತಲೆ ಬಾಚಿ, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಡ ಮಾಡಿದ್ದು ಅವಳಲ್ಲ, ಕಾರು. ಐದು ಸಲ ಕೀಲಿ ತಿರುಗಿಸಿದ ಮೇಲೆ ಅದು ಕೆಮ್ಮಿ, ಮೈ ಕೊಡವಿಕೊಂಡು, ಒಲ್ಲದ ಮನಸ್ಸಿನಿಂದ ಎದ್ದಿತು.

"ನಿನ್ನೆ ಅಷ್ಟೊಂದು ತೊಳೀಬ್ಯಾಡ್ರಿ ಅಂದೆ. ನೋಡ್ರಿ, ಶೀತ ಆಗೈತೆ ಅದಕ್ಕೆ," ಎಂದಳು ಸುಜಾತ. ದೂರದ ಪ್ರಯಾಣಕ್ಕೆ ಮುಂಚೆ ಕಾರು ತೊಳೆಯುವುದು ನನ್ನ ಪದ್ಧತಿ. ಬಾನೆಟ್ ಎತ್ತಿ ಒಳಗೂ ಪೈಪು ಬಿಟ್ಟು ತೊಳೆದಿದ್ದೆ.

ಕಾರಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಐದು ತಿಂಗಳ ಹಿಂದೆ ಕೊಂಡ ಸೆಕೆಂಡ್ ಹ್ಯಾಂಡ್ ಸಣ್ಣ ಪೆಟ್ರೋಲ್ ಗಾಡಿ. ಮೂರು ಸಿಲಿಂಡರ್, ಸಿಲಿಂಡರಿಗೊಂದರಂತೆ ಮೂರು ಸ್ಪಾರ್ಕ್ ಪ್ಲಗ್ಗು. ಪ್ಲಗ್ಗು ಎಂದರೆ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ್ದು. ಕೆಳಗೆ ಮರೆ, ಅಂದರೆ ತಿರುಪಿನ ಸುತ್ತು, ಇರುವ ಕಬ್ಬಿಣ, ಮೇಲೆ ಬಿಳಿ ಪಿಂಗಾಣಿ, ತುದಿಯಲ್ಲಿ ಕಿಡಿ. ಆ ಕಿಡಿ ಹಾರಿದರೆ ಪೆಟ್ರೋಲ್ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ವೃತ್ತಿಯಿಂದ ಲೈನ್‌ಮನ್. ಹದಿನೆಂಟು ವರ್ಷದಿಂದ ವಿದ್ಯುತ್ ಕಂಬ ಹತ್ತಿ ಇಳಿಯುತ್ತಿದ್ದೇನೆ. ಹನ್ನೊಂದು ಸಾವಿರ ವೋಲ್ಟಿನ ಜೊತೆ ಸಂಸಾರ ಮಾಡುವವನಿಗೆ ಈ ಬೆಂಕಿಪೊಟ್ಟಣದ ಕಿಡಿ ಯಾವ ಲೆಕ್ಕ ಎಂದುಕೊಂಡಿದ್ದೆ.

ಅದಕ್ಕೇ ಈ ಸಲದ ಆಯುಧಪೂಜೆಯಲ್ಲಿ ಮೂರೂ ಪ್ಲಗ್ಗು ಬಿಚ್ಚಿ, ಪೆಟ್ರೋಲಿನಲ್ಲಿ ಉಜ್ಜಿ, ನನ್ನ ಕಟಿಂಗ್ ಪ್ಲೇಯರು, ಟೆಸ್ಟರು, ಸೊಂಟದ ಬೆಲ್ಟು ಇವುಗಳ ಸಾಲಿನಲ್ಲೇ ಮಣೆಯ ಮೇಲೆ ಕೂರಿಸಿದ್ದೆ. ಪಿಂಗಾಣಿಯ ಮೇಲೆ ನೀರಿನಲ್ಲಿ ಕಲಸಿದ ವಿಭೂತಿಯ ಮೂರು ಗೆರೆ ಎಳೆದು, ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಹಾಗೆಯೇ ವಾಪಸ್ ಹಾಕಿದೆ. ಬೀದಿಯವರೆಲ್ಲ ಬಂಪರಿಗೆ ಬಾಳೆಕಂದು ಕಟ್ಟಿ ಮುಗಿಸಿದ್ದರು. ನೀರು ಹಾಕುವುದಾದರೆ ಬೇರಿಗೆ ಹಾಕಬೇಕು, ಎಲೆಗಲ್ಲ ಎಂದು ಅವರಿಗೆ ಉಪದೇಶವನ್ನೂ ಕೊಟ್ಟಿದ್ದೆ.

ನಮ್ಮದು ಎರಡು ದಿನದ ಪ್ರಯಾಣ. ಹಿರಿಯೂರಿಗೆ ಹೋಗಿ ನನ್ನ ಸೋದರಮಾವ ತಿಪ್ಪೇಸ್ವಾಮಿಯವರನ್ನು ಹತ್ತಿಸಿಕೊಳ್ಳುವುದು, ಹೊಸದುರ್ಗದಲ್ಲಿ ತಂಗಿ ಪುಷ್ಪಾಳ ಮನೆಯಲ್ಲಿ ರಾತ್ರಿ ತಂಗುವುದು, ಶನಿವಾರ ಹೊರಕೆರೆದೇವರಪುರದಲ್ಲಿ ಅವಳ ಮಗಳು ಚಿನ್ನುವಿನ ಜವಳ. ತಂಗಿಯ ಗಂಡನ ಕಡೆಯವರಿಗೆ ಅಲ್ಲಿಯ ನರಸಿಂಹಸ್ವಾಮಿ ಮನೆದೇವರು. ಮಗುವಿನ ಹುಟ್ಟುಗೂದಲು ತೆಗೆಸುವಾಗ ಸೋದರಮಾವ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಎಳೆ ಕತ್ತರಿಸಬೇಕು, ಆಮೇಲೆಯೇ ಕ್ಷೌರಿಕನ ಕತ್ತಿ. ನಮ್ಮ ಮನೆಯಲ್ಲಿ ಅದಕ್ಕೆಂದೇ ಒಂದು ಹಿತ್ತಾಳೆ ಹಿಡಿಯ ಕತ್ತರಿ ಇದೆ. ನನ್ನ ಕೂದಲನ್ನೂ ಪುಷ್ಪಾಳ ಕೂದಲನ್ನೂ ತಿಪ್ಪೇಸ್ವಾಮಿ ಮಾವ ಅದರಲ್ಲೇ ತೆಗೆದದ್ದು.

ಚಿನ್ನುವಿನ ಜವಳ ಮೊದಲ ವರ್ಷವೇ ಆಗಬೇಕಿತ್ತು. ಆ ದಿನ ಮಳೆಗಾಳಿಗೆ ತುರುವನೂರು ಕಡೆಯ ಕಂಬವೊಂದರಲ್ಲಿ ತಂತಿ ಹೊರುವ ಪಿಂಗಾಣಿ ಸಿಡಿದು ಆರು ಹಳ್ಳಿ ಕತ್ತಲಾದವು. ನಾನು ಕಂಬದ ಮೇಲಿದ್ದೆ, ಅಲ್ಲಿ ದೇವಸ್ಥಾನದ ಮುಂದೆ ಪುಷ್ಪಾ ಮಧ್ಯಾಹ್ನದವರೆಗೆ ದಾರಿ ನೋಡಿ ಮಗುವನ್ನು ಹಾಗೆಯೇ ಎತ್ತಿಕೊಂಡು ಹೋದಳು. ಎರಡನೇ ವರ್ಷ ತೆಗೆಯುವ ಹಾಗಿಲ್ಲ, ಬೆಸ ವರ್ಷವೇ ಆಗಬೇಕು. ಈಗ ಮೂರು ತುಂಬಲು ಇಪ್ಪತ್ತು ದಿನವಿತ್ತು. ಈ ಸಲ ತಪ್ಪಿಸಿಕೊಂಡರೆ ನನ್ನ ಮುಖ ನಾನೇ ನೋಡಿಕೊಳ್ಳಲಾರೆ ಅನ್ನಿಸಿತ್ತು.

ಹೆದ್ದಾರಿಗೆ ಬಂದು ಐಮಂಗಲ ಹತ್ತಿರವಾಗುವಾಗ ಕಾರು ಎಳೆಯುವುದನ್ನು ನಿಲ್ಲಿಸಿತು. ನಿಂತಿತು ಎಂದಲ್ಲ, ಮುಗ್ಗರಿಸುತ್ತಾ, ಬಿಕ್ಕಳಿಸುತ್ತಾ ಇಪ್ಪತ್ತರ ವೇಗದಲ್ಲಿ ಹೋಗುತ್ತಿತ್ತು. ಹಿಂದಿನಿಂದ ಬಂದ ಲಾರಿಗಳೆಲ್ಲ ಹಾರ್ನ್ ಹೊಡೆದು ದಾಟಿದವು. ರಸ್ತೆ ಬದಿಯ ಹೋಟೆಲಿನಲ್ಲಿ ಹನ್ನೆರಡು ರೂಪಾಯಿಯ ಟೀ ಕುಡಿಯುವಾಗ ಅಲ್ಲಿದ್ದ ಟ್ಯಾಕ್ಸಿಯವರೊಬ್ಬರು ಎಂಜಿನ್ನಿನ ಸದ್ದು ಕೇಳಿಯೇ, "ಮಿಸ್ ಹೊಡೀತೈತ್ರಿ. ಮೂರ್ರಾಗೆ ಒಂದು ಸಿಲಿಂಡರ್ ಕೆಲಸ ಮಾಡ್ತಿಲ್ಲ. ಪ್ಲಗ್ ಬದ್ಲಿ ಮಾಡ್ಸಿಬಿಡ್ರಿ," ಎಂದರು. ಪ್ಲಗ್ಗು ತಾನೇ ಎಂದು ನನಗೆ ಧೈರ್ಯ ಬಂತು. ನಲವತ್ತು ಕಿಲೋಮೀಟರಿನ ಹಾದಿಗೆ ಎರಡು ಗಂಟೆ ಹಿಡಿಯಿತು.

ತಿಪ್ಪೇಸ್ವಾಮಿ ಮಾವನಿಗೆ ಎಪ್ಪತ್ತನಾಲ್ಕು ವರ್ಷ. ಮೂವತ್ತೈದು ವರ್ಷ ಲಾರಿ ಓಡಿಸಿ, ಮಂಡಿ ಸವೆಸಿಕೊಂಡು ಹಿರಿಯೂರಿನಲ್ಲಿ ನೆಲೆ ನಿಂತವರು. ಕತ್ತರಿಯನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಆ ಗಂಟನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಜಗುಲಿಯ ಮೇಲೆ ನಮಗಾಗಿ ಕಾಯುತ್ತಿದ್ದರು. ಕಾರಿನ ಬಿಕ್ಕಳಿಕೆ ಕೇಳಿ ಅವರ ಮುಖ ಅರಳಿತು.

"ಡೀಸೆಲ್ ಗಾಡೀಲಿ ಈ ಪ್ಲಗ್ಗು ಗಿಗ್ಗು ಏನೂ ಇರಲ್ಲ ಕಣೋ ರುದ್ರ," ಎಂದರು. "ಒತ್ತಿದ್ರೆ ತಾನೇ ಉರೀತೈತೆ. ಪೆಟ್ರೋಲು ಅಂದ್ರೆ ಹೊಸ ಮದುವೆ ಹೆಣ್ಣಿದ್ದಂಗೆ, ಪ್ರತಿಸಲ ಯಾರಾದ್ರೂ ಎಬ್ಬಿಸ್ಬೇಕು." ಹಿಂದಿನ ಸೀಟಿನಿಂದ ಸುಜಾತ, "ನಮ್ಮನೇಲಿ ದಿನಾ ಎಬ್ಬಿಸೋಳು ನಾನು, ಮಾವ," ಎಂದಳು.

ಹಿರಿಯೂರಿನ ಮುಖ್ಯರಸ್ತೆಯ ಬಿಡಿಭಾಗದ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು ಕೇಳಿದ್ದು, "ಹಳೇ ಪ್ಲಗ್ ತಂದೀರಾ?" ಎಂದು. ತಂದಿಲ್ಲ, ಕಾರಿನ ಹೆಸರು ಹೇಳುತ್ತೇನೆ ಎಂದೆ. "ಹೆಸ್ರು ಒಂದೇ ಇದ್ರೂ ಒಂದೊಂದು ವರ್ಷದ ಗಾಡಿಗೆ ಒಂದೊಂದು ನಮೂನಿ ಐತೆ. ಹಳೇದು ಬಿಚ್ಕಂಡು ಬಂದ್ರೆ ಒಳ್ಳೇದು," ಎಂದರು ಅವರು. ಸುಜಾತ ಚಿತ್ರದುರ್ಗದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. "ನಾನು ಮಷೀನಿನ ಸೂಜಿ ತರಾಕೆ ಹೋದ್ರೂ ಹಳೇ ಸೂಜಿ ತಗಂಡೇ ಹೋಗ್ತೀನಿ," ಎಂದು ಅವಳೂ ಸೇರಿಸಿದಳು.

ಹದಿನೆಂಟು ವರ್ಷ ವಿದ್ಯುತ್ತಿನಲ್ಲಿ ಬೆಂದವನಿಗೆ ಇಬ್ಬರು ಸೇರಿ ಬುದ್ಧಿ ಹೇಳಿದರೆ ಸಿಟ್ಟು ಬರುವುದು ಸಹಜ. ಗಾಜಿನ ಪೆಟ್ಟಿಗೆಯಲ್ಲಿ ಎರಡು ಬಗೆ ಕಾಣುತ್ತಿದ್ದವು: ನೂರ ಮೂವತ್ತು ರೂಪಾಯಿಯ ಸಾದಾ ಪ್ಲಗ್ಗು, ಆರುನೂರ ಐವತ್ತರ ಇರಿಡಿಯಮ್ ಪ್ಲಗ್ಗು. ಇರಿಡಿಯಮ್ಮಿನ ತುದಿ ಸೂಜಿಯಷ್ಟು ಸಣ್ಣ, ಡಬ್ಬಿಯ ಮೇಲೆ ಮಿಂಚಿನ ಚಿತ್ರ ಬೇರೆ. ತಂಗಿಯ ಮಗಳ ಜವಳಕ್ಕೆ ಹೋಗುವವನು ಸಾದಾ ಪ್ಲಗ್ಗಿನಲ್ಲಿ ಹೋಗುವುದೇ ಎಂದು ಮೂರು ಇರಿಡಿಯಮ್ ಕೊಂಡೆ. ಒಮ್ಮೆ ಕೊಟ್ಟದ್ದು ವಾಪಸ್ ಇಲ್ಲ ಎಂದು ಅಂಗಡಿಯವರು ಎರಡು ಸಲ ಹೇಳಿದರು. ಹಿರಿಯೂರಿನಲ್ಲೇ ಖಾಲಿ ದೋಸೆ ತಿಂದು ಹೊಸದುರ್ಗದ ದಾರಿ ಹಿಡಿದೆವು.

ಮಾರಿಕಣಿವೆಯ ಹತ್ತಿರ ಹುಣಸೆಮರದ ನೆರಳು ಸಿಕ್ಕಿತು. ಜಲಾಶಯ ತುಂಬಿತ್ತು, ಎರಡು ಗುಡ್ಡದ ನಡುವೆ ಅಷ್ಟು ನೀರು ಕಂಡರೆ ನಮ್ಮ ಕಡೆಯವರಿಗೆ ಇವತ್ತಿಗೂ ಎದೆ ತುಂಬುತ್ತದೆ. ಮಾವ ಕಲ್ಲಿನ ಮೇಲೆ ಕುಳಿತು ನೀರು ನೋಡಿದರು, ಸುಜಾತ ಒಗ್ಗರಣೆ ಮಂಡಕ್ಕಿಯ ಡಬ್ಬಿ ಬಿಚ್ಚಿದಳು, ನಾನು ಬಾನೆಟ್ ಬಿಚ್ಚಿದೆ. ಪ್ಲಗ್ಗು ಕೂರುವ ಜಾಗ ಎಂಜಿನ್ನಿನಲ್ಲಿ ಒಂದು ಆಳವಾದ ಕುಳಿ. ಮೊದಲ ಸಿಲಿಂಡರಿನ ರಬ್ಬರ್ ಟೋಪಿ ತೆಗೆದು, ಉದ್ದ ಪಾನಾ ಇಳಿಸಿ, ಹಳೆಯ ಪ್ಲಗ್ಗು ಎತ್ತಿದೆ. ತುದಿ ಚೆನ್ನಾಗಿಯೇ ಇತ್ತು. ಮೇಲೆ ನನ್ನ ವಿಭೂತಿ ಗೆರೆಗಳು ಹಾಗೆಯೇ ಇದ್ದವು. ಕಣ್ಣಿಗೊತ್ತಿಕೊಂಡು ಬಟ್ಟೆಯ ಮೇಲಿಟ್ಟೆ.

ಹೊಸ ಇರಿಡಿಯಮ್ ಇಳಿಸಿದರೆ ಅದು ಕುಳಿಯ ಬಾಯಲ್ಲೇ ಕುಳಿತಿತು. ಅದರ ಸೊಂಟದ ನಟ್ಟು ಹಳೆಯದಕ್ಕಿಂತ ದಪ್ಪ. ಹೇಗೆ ತಿರುಗಿಸಿದರೂ ಒಳಗೆ ಇಳಿಯದು. ಹೊಸದರಲ್ಲೇ ಎರಡನೆಯದು, ಮೂರನೆಯದು ಡಬ್ಬಿಯಿಂದ ತೆಗೆದು ನೋಡಿದೆ, ಯಾವುದೋ ಒಂದು ಸಣ್ಣಗಿರಬಹುದು ಎಂಬ ದುರಾಸೆಯಿಂದ. ಸುಜಾತ ಮಂಡಕ್ಕಿ ಅಗಿಯುತ್ತಾ ಸುಮ್ಮನೆ ನೋಡುತ್ತಿದ್ದಳು. ಅವಳು ಏನಾದರೂ ಅಂದಿದ್ದರೆ ಜಗಳವಾಡಬಹುದಿತ್ತು. ಹಳೆಯದನ್ನೇ ವಾಪಸ್ ಹಾಕಿದೆ.

ಅಲ್ಲಿಂದ ಮುಂದೆ ಏರುಗಳಲ್ಲಿ ಮೊದಲ ಗೇರು, ಇಳಿಜಾರಿನಲ್ಲಿ ದೇವರ ದಯೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ನಮಗಿಂತ ಚುರುಕಾಗಿ ತಿರುಗುತ್ತಿದ್ದವು. ಒಂದು ಏರಿನಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬರು ನಮ್ಮ ಸಮಕ್ಕೇ ನಡೆಯುತ್ತಾ, "ಎಲ್ಲಿಗೆ ಹೊಂಟೀರ್ರಿ?" ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಂಡು, ಮುಂದೆ ಹೋದರು. ಹೊಸದುರ್ಗ ತಲುಪಿದಾಗ ಸಂಜೆ ನಾಲ್ಕು ಗಂಟೆ.

ತಂಗಿಯ ಮನೆಗೆ ಹೋಗುವ ಮೊದಲೇ ಅಲ್ಲಿಯ ಬಿಡಿಭಾಗದ ಅಂಗಡಿಗೆ ಹೋದೆವು. ಈ ಸಲ ಬಾಗಿಲಲ್ಲೇ ಕಾರು ನಿಲ್ಲಿಸಿ, ಮೊದಲ ಪ್ಲಗ್ಗು ಬಿಚ್ಚಿ ಒಯ್ದೆ. ಅಂಗಡಿಯ ಯಜಮಾನರು ಎಡಗೈಯಲ್ಲಿ ಇಸಿದುಕೊಂಡರು, ವಿಭೂತಿ ಕಂಡ ಕೂಡಲೇ ಬಲಗೈಗೆ ಬದಲಿಸಿಕೊಂಡರು. ಮೇಲಿನ ಅಕ್ಷರ ಅಳಿಸಿಹೋಗಿತ್ತು. ಅಂದಾಜಿನ ಮೇಲೆ ಒಂದು ಸಾದಾ ಪ್ಲಗ್ಗು ತಂದು ಪಕ್ಕದಲ್ಲಿಟ್ಟರು. ನಟ್ಟು ಅಷ್ಟೇ, ಮರೆಯ ದಪ್ಪವೂ ಅಷ್ಟೇ. "ಇದೇ ರೀ. ಕಣ್ಮುಚ್ಕಂಡು ಹಾಕ್ರಿ," ಎಂದರು. ನಾನು ಜೇಬಿಗೆ ಕೈ ಹಾಕಿದೆ.

ಸುಜಾತ ಕಣ್ಣು ಮುಚ್ಚಲಿಲ್ಲ. ಕೈಚೀಲದಿಂದ ಹೊಲಿಗೆಯ ಟೇಪು ತೆಗೆದು ಎರಡನ್ನೂ ಅಳೆದಳು. "ಇದ್ರ ಮರೆ ಕಾಲಿಂಚು ಜಾಸ್ತಿ ಐತೆ," ಎಂದಳು. ಕಾಲಿಂಚು ತಾನೇ ಎಂದೆ. "ಮಷೀನಿಗೆ ಉದ್ದ ಸೂಜಿ ಹಾಕಿದ್ರೆ ಏನಾಗ್ತೈತೆ ಗೊತ್ತಾ? ಕೆಳಗಡೆ ಬಾಬಿನ್ನಿಗೆ ಹೋಗಿ ಬಡೀತೈತೆ. ಸೂಜೀನೂ ಮುರೀತೈತೆ, ಮಷೀನೂ ಹೋಗ್ತೈತೆ. ಇದ್ರ ಕೆಳಗೆ ಏನೈತೆ?" ಕೆಳಗೆ ಪಿಸ್ಟನ್ ಇದೆ; ನಿಮಿಷಕ್ಕೆ ಸಾವಿರಾರು ಸಲ ಮೇಲೆ ಬಂದು ಹೋಗುತ್ತದೆ. ಯಜಮಾನರೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಅಕ್ಕ ಹೇಳಾದು ಖರೆ," ಎಂದು ಅವರು ಪ್ಲಗ್ಗನ್ನು ಡಬ್ಬಿಗೆ ಸೇರಿಸಿದರು. "ನಿಮ್ಮ ಪ್ಲಗ್ಗಿನ ಅಳತೇದು ನನ್ನತ್ರ ಇಲ್ಲ. ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ಹಿಂದುಗಡೆ ದಸ್ತಗೀರ್ ಸಾಬ್ರು ಅಂತ ಮೇಸ್ತ್ರಿ ಅವ್ರೆ. ಪೆಟ್ರೋಲ್ ಗಾಡಿಗೆ ಅವ್ರೇ ಸರಿ. ಬೆಳಿಗ್ಗೆ ಒಂಬತ್ತೂವರೆಗೆ ಬಾಗ್ಲು ತೆಗೀತಾರೆ." ಹೊಳಲ್ಕೆರೆ ಮೂವತ್ತು ಕಿಲೋಮೀಟರ್, ಅಲ್ಲಿಂದ ಹೊರಕೆರೆದೇವರಪುರ ಇನ್ನೂ ಇಪ್ಪತ್ತರ ಮೇಲೆ. ಶನಿವಾರದ ರಾಹುಕಾಲ ಹತ್ತೂವರೆಗೆ ಮುಗಿಯುತ್ತದೆ. ಹನ್ನೊಂದೂಕಾಲರೊಳಗೆ ಕತ್ತರಿ ಆಡಬೇಕೆಂದು ಅರ್ಚಕರು ಹೇಳಿದ್ದರು.

ಪುಷ್ಪಾಳ ಮನೆಯಲ್ಲಿ ಚಿನ್ನು ಬಾಗಿಲಿಗೇ ಓಡಿಬಂದಳು. ಕಣ್ಣಿನ ಮೇಲೆ ಬೀಳುವ ಕೂದಲನ್ನು ನಾಲ್ಕು ಕ್ಲಿಪ್ಪಿನಲ್ಲಿ ಹಿಡಿದಿಟ್ಟಿದ್ದರು. ತಲೆ ಬೋಳಿಸಿಕೊಳ್ಳಲು ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಆಮೇಲೆ ನನ್ನ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸಿ ಒಂದು ಸುತ್ತು ಹೊಡೆಸಬೇಕು. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ನಾನು ಎರಡನೇ ಮುದ್ದೆ ಮುರಿಯುವಾಗ ಪುಷ್ಪಾ ಎದುರಿಗೆ ಬಂದು ಕುಳಿತಳು.

"ಅಣ್ಣ, ಕಾರು ಇಲ್ಲೇ ಬಿಟ್ಟು ನಮ್ಮ ಜತೆ ಟೆಂಪೋದಾಗೆ ಬಾ," ಎಂದಳು.

ಟೆಂಪೋದಲ್ಲಿ ಹದಿನಾಲ್ಕು ಸೀಟಿಗೆ ಇಪ್ಪತ್ತೆರಡು ಜನ ಲೆಕ್ಕವಾಗಿತ್ತು. ಮಂಡಿ ಮಡಚಲಾಗದ ಮಾವನನ್ನು ಅದರಲ್ಲಿ ತುರುಕುವುದು ಹೇಗೆ? ಚಿನ್ನುವಿಗೆ ಕೊಟ್ಟ ಮಾತು ಬೇರೆ. ಬಂದೇ ಬರುತ್ತೇನೆ, ಕಾರಿನಲ್ಲೇ ಬರುತ್ತೇನೆ ಎಂದೆ.

"ಹೋದ ಸಲಾನೂ ಬಂದೇ ಬರ್ತೀನಿ ಅಂದಿದ್ದೆ," ಎಂದಳು ಅವಳು, ಮೆಲ್ಲಗೆ. "ಈ ಸಲ ನಮ್ಮತ್ತೆ ಕಾಯಲ್ಲ. ವಾವೆ ವರಸೇಲಿ ಮಾವ ಆಗ್ಬೇಕಾದೋನು ಒಬ್ಬನ್ನ ಗೊತ್ತು ಮಾಡಿ ಇಟ್ಟವ್ರೆ. ನೀನು ಬರ್ಲಿಲ್ಲ ಅಂದ್ರೆ ಅವ್ನು ಕತ್ತರಿ ಹಿಡೀತಾನೆ. ನಾಳೆ ಇವ್ಳ ಮದುವೇಲಿ ಮಂಟಪಕ್ಕೆ ಕರ್ಕಂಡು ಬರಾನೂ ಅವ್ನೇ ಆಗ್ತಾನೆ. ಆಮೇಲೆ ನನ್ನ ಕೇಳ್ಬ್ಯಾಡ."

ತಂಗಿಗೆ ನನ್ನ ಮೇಲೆ ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು, ಅವಳಿಗೆ ಭಯವಿತ್ತು. ಹಾಸಿಗೆಯಲ್ಲಿ ಮಲಗಿ ಬಹಳ ಹೊತ್ತು ನಟ್ಟು, ಮರೆ, ಕಾಲಿಂಚು ಎಂದು ಲೆಕ್ಕ ಹಾಕುತ್ತಲೇ ಇದ್ದೆ.

ಶನಿವಾರ ಬೆಳಿಗ್ಗೆ ಇಬ್ಬನಿ ಸುರಿದಿತ್ತು. ಕಾರು ಎದ್ದೇಳಲೇ ಇಲ್ಲ. ಟೆಂಪೋಗೆ ಹತ್ತಲು ಬಂದಿದ್ದ ಬೀಗರೆಲ್ಲ ಸೇರಿ ತಳ್ಳಿದರು. ಗೊತ್ತು ಮಾಡಿಟ್ಟಿದ್ದ ಆ ಇನ್ನೊಬ್ಬ ಮಾವನೂ ತಳ್ಳಿದ. ಒಳ್ಳೆಯ ಮನುಷ್ಯ, ಎಲ್ಲರಿಗಿಂತ ಜೋರಾಗಿಯೇ ತಳ್ಳಿದ. ಆರೂಮುಕ್ಕಾಲಿಗೆ ಹೊರಟು, ದಾರಿಯಲ್ಲಿ ನಾಲ್ಕು ಸಲ ನಿಂತು, ಹೊಳಲ್ಕೆರೆ ಬಸ್ ನಿಲ್ದಾಣದ ಹಿಂದೆ ಬಂದು ನಿಂತಾಗ ಒಂಬತ್ತು ಗಂಟೆ. ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಪಕ್ಕದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಹಬೆಯಾಡುತ್ತಿತ್ತು. ಮಾವ ಮೂರು ತಿಂದರು, ನನಗೆ ಅರ್ಧವೂ ಹೋಗಲಿಲ್ಲ.

ದಸ್ತಗೀರ್ ಸಾಬರು ಒಂಬತ್ತೂವರೆಗೆ ಸರಿಯಾಗಿ ಸೈಕಲ್ಲಿನಲ್ಲಿ ಬಂದರು. ಅರವತ್ತರ ಆಸುಪಾಸು, ಕನ್ನಡಕಕ್ಕೆ ದಾರ ಕಟ್ಟಿದ್ದರು. "ಕುಂತ್ಕಳ್ರಿ, ಕುಂತ್ಕಳ್ರಿ," ಎನ್ನುತ್ತಾ ಕೈ ತೊಳೆದು ಬಾನೆಟ್ ಎತ್ತಿದರು. ನನಗೆ ತಿಳಿದದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ, ಜವಳದ ಗಳಿಗೆಯನ್ನೂ ಹೇಳಿದೆ. ಅವರು ಅವಸರ ಮಾಡಲಿಲ್ಲ. ಮೂರೂ ಪ್ಲಗ್ಗು ಬಿಚ್ಚಿ, ಹಳೆಯ ಪೇಪರಿನ ಮೇಲೆ ಒಂದು, ಎರಡು, ಮೂರು ಎಂದು ಬರೆದು, ಬಂದ ಕ್ರಮದಲ್ಲೇ ಇಟ್ಟರು.

"ಡಾಕ್ಟ್ರು ನಾಲಿಗೆ ನೋಡ್ತಾರಲ್ಲ, ಹಂಗೆ ಇದ್ರ ಬಾಯಿ ನೋಡ್ಬೇಕು," ಎಂದರು. ಮೊದಲನೆಯದರ ತುದಿ ತೋರಿಸಿದರು. "ಬಿಸ್ಕೀಟು ಬಣ್ಣ. ಬರಾಬರ್ ಉರೀತಿದೆ. ಇದು ಎರಡ್ನೇದು, ಒದ್ದೆ ಐತೆ ನೋಡ್ರಿ, ಪೆಟ್ರೋಲ್ ವಾಸ್ನೆ. ಕಿಡೀನೇ ಬಂದಿಲ್ಲ ಇದಕ್ಕೆ. ಮೂರ್ನೇದು ಕರ್ರಗಾಗೈತೆ, ಒಂದ್ಸಲ ಬರ್ತೈತೆ, ಒಂದ್ಸಲ ಇಲ್ಲ." ಆಮೇಲೆ ಎರಡನೆಯದನ್ನು ಕನ್ನಡಕದ ಹತ್ತಿರ ಹಿಡಿದು, ತಿರುಗಿಸಿ, ಮೇಲಿನ ಪಿಂಗಾಣಿ ನೋಡಿದರು.

"ಇದು ವಿಭೂತಿ ಅಲ್ಲೇನ್ರಿ?"

ಹೌದೆಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ನಮ್ ಗ್ಯಾರೇಜ್ನಾಗೂ ಆಯುಧಪೂಜೆ ಮಾಡ್ತೀವಿ. ಪಾನಾಕ್ಕೆ ಇಡ್ತೀವಿ, ಜಾಕಿಗೆ ನಿಂಬೆಹಣ್ಣು ಕಟ್ತೀವಿ. ಪ್ಲಗ್ಗಿಗೆ ಇಟ್ಟಿದ್ದು ಇವತ್ತೇ ನೋಡಿದ್ದು." ಪ್ಲಗ್ಗನ್ನು ನನ್ನ ಕಡೆ ಚಾಚಿದರು. "ನಿಮ್ಮ ಕೈಯಿಂದ ಇಟ್ಟಿದ್ದು, ನೀವೇ ಒರಸ್ರಿ. ಅಡಿಯಾಗೆ ಏನೈತೆ ನೋಡಾಣ."

ಅಂಗಿಯ ತುದಿಯಿಂದ ಒರೆಸಿದೆ. ಬೂದಿ ಹೋಯಿತು. ಅದರ ಅಡಿಯಲ್ಲಿ, ಮೇಲಿನಿಂದ ಕೆಳಗೆ, ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಪಿಂಗಾಣಿಯನ್ನು ಸುಟ್ಟುಕೊಂಡು ಇಳಿದಿತ್ತು. ಒಳಗೆ ತುದಿಗೆ ಹೋಗಬೇಕಾದ ಕಿಡಿ ಹೊರಗಿನಿಂದಲೇ ಜಾರಿ ಕಬ್ಬಿಣಕ್ಕೆ ಇಳಿದ ದಾರಿ ಅದು.

"ನೀವೇನು ಕೆಲಸ ಮಾಡಾದು?" ಎಂದು ಸಾಬರು ಕೇಳಿದರು.

ನನಗೆ ಅಷ್ಟರಲ್ಲಿ ಅರ್ಥವಾಗಿತ್ತು. ಪ್ಲಗ್ಗನ್ನು ಅಂಗಿಯ ತುದಿಯಲ್ಲಿ ಇನ್ನೊಮ್ಮೆ ಒರೆಸಿದೆ. "ಲೈನ್‌ಮನ್ ಅವ್ರು," ಎಂದಳು ಸುಜಾತ.

ಸಾಬರು ನಗಲಿಲ್ಲ. ಗ್ಯಾರೇಜಿನ ಎದುರಿನ ಕಂಬದ ಕಡೆ ಗದ್ದ ಎತ್ತಿ ತೋರಿಸಿದರು. ತಂತಿಯನ್ನು ಹೊತ್ತ ಪಿಂಗಾಣಿ ಬಿಸಿಲಿಗೆ ಹೊಳೆಯುತ್ತಿತ್ತು. "ಆ ಪಿಂಗಾಣಿಗೆ ಯಾರಾದ್ರೂ ಬೂದಿ ಬಳಿದು ನೀರು ಹಾಕಿದ್ರೆ ಏನು ಮಾಡ್ತೀರಿ?"

"ಬೈತೀನಿ," ಎಂದೆ.

ಮಾವ ಮೊದಲು ನಕ್ಕರು. ಅವರ ನಗುವಿಗೆ ಸಾಬರೂ ನಕ್ಕರು, ಸುಜಾತ ಸೆರಗು ಬಾಯಿಗೆ ಹಿಡಿದು ಕಂಬದ ಕಡೆಗೇ ತಿರುಗಿ ನಿಂತಳು. ಕಂಬದ ಪಿಂಗಾಣಿಯ ಮೇಲೆ ಧೂಳು ಕುಳಿತು ಇಬ್ಬನಿ ಬಿದ್ದರೆ ಕರೆಂಟು ಮೈಮೇಲೆ ಹರಿದು ಸಿಡಿಯುತ್ತದೆ ಎಂದು ಹೊಸದಾಗಿ ಸೇರುವ ಹುಡುಗರಿಗೆ ಪಾಠ ಹೇಳುವವನು ನಾನು. ಬೇಸಿಗೆಯಲ್ಲಿ ಕಂಬ ಹತ್ತಿ ಅದನ್ನು ಒರೆಸುವವನು ನಾನು. ಬೇರಿಗೆ ನೀರು ಹಾಕಿದವನೂ ನಾನೇ, ಹೊರಡುವ ಹಿಂದಿನ ದಿನ ಪೈಪು ಹಿಡಿದು. ನೀರು ತಾಗದ ಮೊದಲ ಪ್ಲಗ್ಗು ಮಾತ್ರ ಬಚಾವಾಗಿತ್ತು. ಮನೆಗೊಂದು ನ್ಯಾಯ, ಕಂಬಕ್ಕೊಂದು ನ್ಯಾಯ ಎಂದರೆ ಇದೇ.

ಸಾಬರು ಒಳಗಿನಿಂದ ಒಂದು ತಗಡಿನ ಡಬ್ಬಿ ತಂದರು. ನನ್ನ ಇರಿಡಿಯಮ್ಮಿನ ಡಬ್ಬಿ ನೋಡಿ, "ಒಳ್ಳೇ ಮಾಲು. ಬೇರೆ ಗಾಡೀದು," ಎಂದು ಪಕ್ಕಕ್ಕಿಟ್ಟರು. ಹಳೆಯ ಪ್ಲಗ್ಗಿನ ನಟ್ಟು, ಮರೆಯ ದಪ್ಪ, ಮರೆಯ ಉದ್ದ ಮೂರನ್ನೂ ಹೊಸದಕ್ಕೆ ತಾಳೆ ನೋಡಿದರು. ನಾನು ದಿನಕ್ಕೆ ಎಷ್ಟು ಓಡಿಸುತ್ತೇನೆ ಎಂದು ಕೇಳಿದರು. ಊರೊಳಗೆ ಹತ್ತು ಕಿಲೋಮೀಟರ್ ಎಂದೆ. "ಹಂಗಾದ್ರೆ ತುದಿ ಸ್ವಲ್ಪ ಬಿಸಿ ಇರೋ ನಂಬರೇ ಬೇಕು. ತಣ್ಣಂದು ಹಾಕಿದ್ರೆ ಮಸಿ ಹಿಡೀತೈತೆ," ಎಂದರು. ತೆಳು ತಗಡಿನ ಪಟ್ಟಿ ತೂರಿಸಿ ಮೂರರ ತುದಿಯ ಸಂದನ್ನೂ ಸರಿಮಾಡಿದರು. ಕೈಯಲ್ಲೇ ಮರೆ ಹತ್ತಿಸಿ, ಕೊನೆಗೆ ಮಾತ್ರ ಪಾನಾ ಹಾಕಿ, ರಬ್ಬರ್ ಟೋಪಿಗಳ ಒಳಗೆ ಒಣ ಬಟ್ಟೆ ಆಡಿಸಿದರು. ನೋಡನೋಡುತ್ತಾ ಹತ್ತೂಕಾಲಾಯಿತು. ಕೀಲಿ ತಿರುಗಿಸಿದೆ. ಅರ್ಧ ಸುತ್ತಿಗೇ ಎಂಜಿನ್ನು ಎದ್ದಿತು, ಹೊಲಿಗೆ ಮಷೀನಿನ ಹಾಗೆ ಒಂದೇ ಸಮನೆ.

ಪ್ಲಗ್ಗಿಗೆ ನೂರ ಮೂವತ್ತು, ಕೂಲಿ ನೂರು. ಹಳೆಯ ಮೂರನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟು, "ಮುಂದಿನ ವರ್ಷ ಪೂಜೆಗೆ ಇವನ್ನ ಇಟ್ಕಳ್ರಿ. ಇನ್ನು ಓಡ್ರಿ, ಮಗು ಕಾಯ್ತೈತೆ," ಎಂದರು ಸಾಬರು.

ಆ ಇಪ್ಪತ್ತು ಚಿಲ್ಲರೆ ಕಿಲೋಮೀಟರನ್ನು ನಾನು ಯಾವತ್ತೂ ಮರೆಯಲಾರೆ. ಎರಡೂ ಬದಿಗೆ ಮೆಕ್ಕೆಜೋಳದ ಕೂಳೆ, ರಸ್ತೆಯ ಮೇಲೆ ಒಣಗಲು ಹರಡಿದ ಕಾಳು, ಹೆಜ್ಜೆಗೊಂದು ಹಂಪು. ಕಾರು ಕೇಳಿದಷ್ಟು ಓಡಿತು. "ಡೀಸೆಲ್ಲಿನಷ್ಟಲ್ಲದಿದ್ರೂ ಪರವಾಗಿಲ್ಲ," ಎಂದರು ಮಾವ, ಒಳಜೇಬಿನ ಮೇಲೆ ಕೈಯಿಟ್ಟುಕೊಂಡು. ಒಂದು ಕಡೆ ಕುರಿಹಿಂಡು ಅಡ್ಡ ಬಂತು. ಅದು ದಾಟುವವರೆಗೆ ಮೂವರೂ ಕಾದು ಕುಳಿತೆವು. ಸುಜಾತ ಎಣಿಸುತ್ತಿದ್ದಳು, ಅರವತ್ತೆಂಟು ಕುರಿ.

ಹನ್ನೊಂದಕ್ಕೆ ಮೂರು ನಿಮಿಷವಿರುವಾಗ ದೇವಸ್ಥಾನದ ಮುಂದೆ ನಿಂತೆವು. ಕ್ಷೌರಿಕ ಕತ್ತಿ ಮಸೆದು ಮುಗಿಸಿದ್ದ. ಮಣೆಯ ಮೇಲೆ ಆ ಇನ್ನೊಬ್ಬ ಮಾವ ಕುಳಿತಾಗಿತ್ತು, ಚಿನ್ನು ಅವನ ತೊಡೆಯಿಂದ ಮೀನಿನಂತೆ ಜಾರುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಅವನು, "ಬರ್ರಿ ಬರ್ರಿ, ನನ್ ಪಂಚೆ ಉಳೀತು," ಎನ್ನುತ್ತಾ ಎದ್ದು ನಿಂತ. ಪುಷ್ಪಾ ಗ್ರೀಸು ಹತ್ತಿದ ನನ್ನ ಕೈಗೆ ಚೊಂಬಿನ ನೀರು ಸುರಿದಳು.

ಚಿನ್ನುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ತಿಪ್ಪೇಸ್ವಾಮಿ ಮಾವ ಅರಿಶಿನದ ಬಟ್ಟೆ ಬಿಚ್ಚಿ, ಕತ್ತರಿಯನ್ನು ಎರಡೂ ಕೈಯಿಂದ ನನಗೆ ಕೊಟ್ಟರು. ಹಿತ್ತಾಳೆ ಹಿಡಿ ಬೆಚ್ಚಗಿತ್ತು. ಬಲಗಿವಿಯ ಮೇಲಿನ ಒಂದು ಎಳೆ ಹಿಡಿದು ಕತ್ತರಿಸಿದೆ, ಹಾಲಿನ ಬಟ್ಟಲಿಗೆ ಬಿಟ್ಟೆ. ಮೂರು ವರ್ಷದ ಕೂದಲು, ಹಾಲಿನ ಮೇಲೆ ಸುರುಳಿಯಾಗಿ ತೇಲಿತು. ಕಣ್ಣು ಮಂಜಾಯಿತು. ಮಂಜಾದರೆ ಆಗಲಿ ಎಂದು ಬಿಟ್ಟೆ.

ಪಾಯಸ, ಕೋಸಂಬರಿ, ಚಿತ್ರಾನ್ನದ ಊಟ ಮುಗಿದ ಮೇಲೆ ಸುಜಾತ ಎಲ್ಲರಿಗೂ ಕಥೆ ಹೇಳಿದಳು. ಒಂದು ಗೆರೆಯನ್ನೂ ಬಿಡಲಿಲ್ಲ. ಪುಷ್ಪಾ ಕೊನೆಯವರೆಗೆ ಕೇಳಿ, "ಹೋದ ಸಲ ಕಂಬದ ಪಿಂಗಾಣಿ, ಈ ಸಲ ಕಾರಿಂದು. ಅಣ್ಣ, ನಾನೂ ಪಿಂಗಾಣಿಯಾಗಿ ಹುಟ್ಟಬೇಕಿತ್ತು, ದಿನಾ ನೀನೇ 'ಹೆಂಗಿದೀಯ' ಅಂತ ಕೇಳ್ತಿದ್ದೆ," ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಾನು ನಕ್ಕೆನಾದರೂ ಆ ಮಾತು ನಾಟಿತು. ಈಗ ವಾರಕ್ಕೆ ಎರಡು ಸಲ ಫೋನ್ ಮಾಡುತ್ತೇನೆ.

ಅಷ್ಟರಲ್ಲಿ ಅರ್ಚಕರು ಕುಂಕುಮದ ತಟ್ಟೆ ಹಿಡಿದು ಕಾರಿನ ಹತ್ತಿರ ಬಂದರು. "ಹೊಸ ಗಾಡಿಯಂತೆ. ಬಾನೆಟ್ ತೆಗೀರಿ, ಎಂಜಿನ್ನಿಗೂ ಒಂದು ಬೊಟ್ಟು ಇಡಾಣ," ಎಂದರು. ನಾನು ಓಡಿಹೋಗಿ ಬಾನೆಟ್ಟಿನ ಮೇಲೆ ಎರಡೂ ಕೈಯಿಟ್ಟು ನಿಂತೆ. ಹೊರಗಡೆ ಎಷ್ಟು ಬೇಕಾದರೂ ಇಡಿ ಸ್ವಾಮಿ, ಒಳಗೆ ಮಾತ್ರ ಬೇಡ ಎಂದೆ.

ಕೊಟ್ಟ ಮಾತಿನಂತೆ ಚಿನ್ನುವನ್ನು ಸುಜಾತಳ ತೊಡೆಯ ಮೇಲೆ ಮುಂದಿನ ಸೀಟಿನಲ್ಲಿ ಕೂರಿಸಿ ಊರಿನ ಕೆರೆಯವರೆಗೆ ಒಂದು ಸುತ್ತು ಹೊಡೆಸಿದೆ. ಬೋಳುತಲೆಗೆ ದಪ್ಪಗೆ ಗಂಧ ಬಳಿದಿದ್ದರು. ಅವಳಿಗೆ ಅದೊಂದು ಹೊಸ ಆಟಿಕೆ. ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ವಾಪಸ್ ಬಂದು ಇಳಿದವಳೇ ಕಾರಿನ ಮುಂದೆ ನಿಂತು, ತಲೆಯ ಗಂಧವನ್ನು ಅಂಗೈಗೆ ಒರೆಸಿಕೊಂಡು, ಬಾನೆಟ್ಟಿನ ಮೇಲೆ ಪಟ್ಟನೆ ಒತ್ತಿದಳು. "ಮಾವ, ನಿನ್ ಕಾರಿಗೂ ಜವಳ," ಎಂದಳು.

ಸಂಜೆ ಭೀಮಸಮುದ್ರದ ಮೇಲಿಂದ ಚಿತ್ರದುರ್ಗಕ್ಕೆ ಮರಳಿದೆವು. ಮಾವ ನಮ್ಮ ಜೊತೆಯೇ ಬಂದರು, ನಾಲ್ಕು ದಿನ ಇದ್ದು ಹೋಗಲು. ಎಂಜಿನ್ನು ಎಲ್ಲೂ ಬಿಕ್ಕಳಿಸಲಿಲ್ಲ. ಹಳೆಯ ಮೂರು ಪ್ಲಗ್ಗು ದೇವರ ಗೂಡಿನ ಪಕ್ಕದಲ್ಲಿವೆ. ಕಾರನ್ನು ಅದಾದ ಮೇಲೆ ಎಷ್ಟೋ ಸಲ ತೊಳೆದಿದ್ದೇನೆ, ಬಾನೆಟ್ ಮುಚ್ಚಿಕೊಂಡು. ಅದರ ಮೇಲೆ ಐದು ಪುಟ್ಟ ಬೆರಳಿನ ಗುರುತು ಒಣಗಿ ಹಾಗೆಯೇ ಇದೆ. ಪೈಪು ಅಲ್ಲಿಗೆ ಬಂದಾಗ ಕೈ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಹೊರಗಿದೆಯಲ್ಲ, ಕಿಡಿಗೇನೂ ತೊಂದರೆಯಿಲ್ಲ.